ಏಪ್ರಿಲ್ ಬಿಸಿಲಲ್ಲಿ ಬಿಸಿನೀರು

ಸಮುದ್ರಕ್ಕೆ ಹತ್ತಿರದ ನೋಂಗ್ ತಾನ್ ಹಳ್ಳಿಯಲ್ಲಿ ಶುಕ್ರವಾರ ಬಂತೆಂದರೆ ಬುಪ್ಪಾ ಮನೆಮನೆಗೂ ಬರುತ್ತಾಳೆ. ಕೈಯಲ್ಲಿ ಟಾರ್ಚು, ಹೆಗಲಿಗೆ ಚೀಲ. ಆಕೆ ಊರಿನ ಆರೋಗ್ಯ ಸ್ವಯಂಸೇವಕಿ. ಬೆಳಿಗ್ಗೆ ಗಂಜಿ ಮಾರುತ್ತಾಳೆ, ಆಮೇಲೆ ಈ ಕೆಲಸ. ನೀರಿನ ಗುಡಾಣಗಳ ಮುಚ್ಚಳ ತೆಗೆದು, ಟಾರ್ಚು ಬಿಟ್ಟು, ಸೊಳ್ಳೆಮರಿ ಇದೆಯೇ ಎಂದು ನೋಡುತ್ತಾಳೆ. ಡೆಂಗಿ ಜ್ವರ ಕಂಡ ಊರು ಅದು. ಹಾಗಾಗಿ ಯಾರೂ ಅವಳನ್ನು ಬೇಡ ಅನ್ನುವುದಿಲ್ಲ.

ಆ ಶುಕ್ರವಾರ ತವಿನ್ ಮನೆಯ ಹಿತ್ತಲ ಗುಡಾಣ ಅಂಚಿನವರೆಗೂ ತುಂಬಿತ್ತು. ಟಾರ್ಚು ಬಿಟ್ಟ ಕೂಡಲೇ ಮರಿಗಳು ಬುಳಬುಳನೆ ಕೆಳಗಿಳಿದವು.

"ಉರೈ, ಏನಮ್ಮ ಇದು? ನೀರು ಮುಟ್ಟಿ ವಾರ ಆಗಿರೋ ಹಾಗಿದೆ. ಸೊಳ್ಳೆಗೆ ತೊಟ್ಟಿಲು ಕಟ್ಟಿದ್ದೀಯಲ್ಲ!"

ತವಿನ್‌ನ ಹೆಂಡತಿ ಉರೈ ತಾಳೆಬೆಲ್ಲ ಕಾಯಿಸುವ ಒಲೆಯ ಮುಂದೆ ಕೂತಿದ್ದಳು. ತಲೆ ಎತ್ತಲಿಲ್ಲ.

"ಅದು ಅವರ ಸ್ನಾನದ ಗುಡಾಣ ಬುಪ್ಪಕ್ಕ. ಅವರೀಗ ತಣ್ಣೀರು ಮುಟ್ಟಲ್ಲ."

ಬುಪ್ಪಾ ಒಲೆಯ ಹತ್ತಿರ ಬಂದಳು. ತಾಳೆರಸ ಕುದಿಯಬೇಕಾದ ದೊಡ್ಡ ಬಾಣಲೆಯಲ್ಲಿ ಬರೀ ನೀರು ಕುದಿಯುತ್ತಿತ್ತು. ಏಪ್ರಿಲ್ ತಿಂಗಳು. ನಾಯಿಗಳೂ ನೆರಳು ಬಿಟ್ಟು ಏಳದಂಥ ಬಿಸಿಲು. ಇಡೀ ಊರು ದಿನಕ್ಕೆ ಮೂರು ಸಲ ತಣ್ಣೀರು ಸುರಿದುಕೊಳ್ಳುವ ಕಾಲ.

"ಈ ಬಿಸಿಲಲ್ಲಿ ಬಿಸಿನೀರು? ದಿನಕ್ಕೆ ಎಷ್ಟು ಸಲ?"

"ಇವತ್ತು ಇದು ನಾಲ್ಕನೇದು. ಮೈ ಕೆಂಪಾಗೋವರೆಗೂ ಸುರ್ಕೊಳ್ತಾರೆ. ಸುರ್ಕೊಳ್ಳೋವಷ್ಟು ಹೊತ್ತು ವಾಂತಿ ನಿಂತಿರತ್ತೆ. ಆಮೇಲೆ ಮತ್ತೆ ಶುರು."

ತವಿನ್ ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದ. ಮೂವತ್ತೆಂಟು ವರ್ಷದ ಗಂಡಸು. ಹದಿನಾರಕ್ಕೇ ತಾಳೆಮರ ಹತ್ತಿದವನು. ಗೆಣ್ಣುಗಳಲ್ಲಿ ಮೋಟು ಕೊಂಬೆ ಉಳಿಸಿದ ಬಿದಿರನ್ನು ಮರಕ್ಕೆ ಕಟ್ಟಿ, ಅದನ್ನೇ ಏಣಿ ಮಾಡಿಕೊಂಡು, ದಿನಕ್ಕೆ ಎರಡು ಸಲ ಇಪ್ಪತ್ತೆರಡು ಮರ ಹತ್ತಿ ಇಳಿಯುತ್ತಿದ್ದವನು. ಈಗ ಅವನ ಕೊರಳ ಎಲುಬು ಅಂಗಿಯ ಮೇಲಿಂದಲೇ ಕಾಣುತ್ತಿತ್ತು. ಪಕ್ಕದಲ್ಲಿ ಗಾಂಜಾ ಸೇದುವ ಬಿದಿರಿನ ಕೊಳವೆ ಇತ್ತು. ಅದನ್ನು ಅವನು ಮುಚ್ಚಿಡಲೂ ಇಲ್ಲ. ಮುಚ್ಚಿಡುವ ಕಾಲ ಹೋಗಿ ನಾಲ್ಕು ವರ್ಷವಾಗಿತ್ತು. ಆ ದೇಶದಲ್ಲಿ ಗಾಂಜಾ ಮಾದಕ ವಸ್ತುಗಳ ಪಟ್ಟಿಯಿಂದ ಹೊರಬಂದು, ಸರ್ಕಾರವೇ ಸಸಿ ಹಂಚಿದ್ದನ್ನು ಊರು ನೋಡಿತ್ತು. ಈಚೆಗೆ ಹೂವಿಗೆ ವೈದ್ಯರ ಚೀಟಿ ಬೇಕು ಎಂಬ ನಿಯಮ ಬಂದಿದೆ. ಹಿತ್ತಲಲ್ಲಿ ಗಿಡ ಇರುವಾಗ ಚೀಟಿ ಕೇಳುವವರು ಯಾರು?

ಬೆನ್ನುನೋವಿಗೆ ಎಂದು ಶುರುವಾದದ್ದು. ಆಮೇಲೆ ನಿದ್ದೆಗೆ. ಆಮೇಲೆ ಮರ ಹತ್ತುವ ಮೊದಲು ಒಂದು, ಇಳಿದ ಮೇಲೆ ಒಂದು. ಕೊನೆಗೆ ಲೆಕ್ಕ ಇರಲಿಲ್ಲ.

"ತವಿನ್, ದಿನಕ್ಕೆ ಎಷ್ಟು ಸಲ ಸೇದ್ತೀಯಪ್ಪ?" ಎಂದು ಬುಪ್ಪಾ ಮೆಲ್ಲಗೆ ಕೇಳಿದಳು.

ಅವನು ಅಂಗಳದ ಕೋಳಿಯನ್ನು ನೋಡುತ್ತ ಕೂತ. ಬುಪ್ಪಾ ಮತ್ತೆ ಕೇಳಲಿಲ್ಲ.

ಅಷ್ಟರಲ್ಲಿ ತವಿನ್‌ನ ತಾಯಿ ಲಮೈ ಅಡುಗೆಮನೆಯಿಂದ ಬಂದಳು. ಎಪ್ಪತ್ತು ದಾಟಿದ ಮುದುಕಿ. ಕೈಯಲ್ಲಿ ಕೋಳಿಸಾರಿನ ಬಟ್ಟಲು. ಸಾರಿನಲ್ಲಿ ಗಾಂಜಾ ಸೊಪ್ಪು ತೇಲುತ್ತಿತ್ತು.

"ಕುಡಿ ಮಗ. ನಮ್ಮಜ್ಜಿ ಕಾಲದಿಂದ ಹೊಟ್ಟೆ ತೊಳೆಸಿದ್ರೆ ಇದೇ ಮದ್ದು."

"ದೊಡ್ಡಮ್ಮ, ಆ ಸಾರು ಈಗ್ಲೇ ಕೊಡಬೇಡಿ," ಅಂದಳು ಬುಪ್ಪಾ. "ನನಗೇನೋ ಅನ್ನಿಸ್ತಿದೆ. ಜಿಲ್ಲಾ ಆಸ್ಪತ್ರೇಲಿ ನಮಗೆ ತರಬೇತಿ ಕೊಟ್ಟಾಗ ಇದನ್ನೇ ಹೇಳಿದ್ರು. ವರ್ಷಗಟ್ಟಲೆ, ದಿನವಿಡೀ ಗಾಂಜಾ ಸೇದಿದವರಲ್ಲಿ ಕೆಲವರಿಗೆ ಹೀಗೇ ಆಗತ್ತಂತೆ. ಬಿಟ್ಟೂಬಿಡದ ವಾಂತಿ, ಹೊಟ್ಟೆನೋವು, ಬಿಸಿನೀರು ಸುರ್ಕೊಂಡ್ರೆ ಮಾತ್ರ ಹಾಯಿ. ವಾಂತಿ ನಿಲ್ಲಲಿ ಅಂತ ಇವನು ಇನ್ನೊಂದು ಸಲ ಸೇದ್ತಾನೆ. ಅದೇ ವಾಂತಿಗೆ ಮೂಲ."

ಲಮೈ ನಕ್ಕುಬಿಟ್ಟಳು.

"ಚೆನ್ನಾಗಿದೆ ನಿನ್ನ ತರಬೇತಿ! ನನ್ನ ತಂಗಿಗೆ ಕ್ಯಾನ್ಸರ್ ಆದಾಗ ಅದೇ ಆಸ್ಪತ್ರೆಯವರು ವಾಂತಿ ನಿಲ್ಲೋದಕ್ಕೆ ಅಂತ ಗಾಂಜಾ ಎಣ್ಣೆ ಕೊಟ್ರು. ನಿಲ್ಲಿಸೋ ಮದ್ದು ವಾಂತಿ ಬರಿಸತ್ತಾ? ಮತ್ತೆ ಈಗ ಕಾನೂನೇ ತಪ್ಪಿಲ್ಲ ಅಂದಿದೆ. ತಪ್ಪಲ್ಲದ್ದು ರೋಗ ಹೇಗಾಗತ್ತೆ, ಹೇಳು."

"ಎಣ್ಣೆ ಹನಿ ಲೆಕ್ಕದಲ್ಲಿ ಕೊಟ್ರು ದೊಡ್ಡಮ್ಮ. ಇವನು ಬಿದಿರು ಲೆಕ್ಕದಲ್ಲಿ ತಗೊಳ್ತಿದ್ದಾನೆ. ಒಂದ್ಸಲ ಆಸ್ಪತ್ರೆಗೆ ಹೋಗೋಣ. ಬೇರೆ ಕಾಯಿಲೆ ಆಗಿದ್ರೆ ಅದೂ ಗೊತ್ತಾಗತ್ತೆ."

ಆಸ್ಪತ್ರೆ ಎಂದದ್ದೇ ತಡ, ಮುದುಕಿಯ ಮುಖದಲ್ಲಿದ್ದ ನಗು ಹೋಯಿತು.

"ಬೇಡ. ಹೋದ್ರೆ ಹೆಸರು ಬರ್ಕೊಳ್ತಾರೆ. ನನ್ನ ತಮ್ಮನ ಹೆಸರೂ ಬರ್ಕೊಂಡಿದ್ರು."

ಅಷ್ಟೇ ಅಂದಳು. ಹಳೆಯ ಕಾಯ್ದೆಯ ದಿನಗಳಲ್ಲಿ ಅವಳ ತಮ್ಮ ಪ್ರಯೂನನನ್ನು ಒಂದು ಹಿಡಿ ಗಾಂಜಾಕ್ಕಾಗಿ ಪೊಲೀಸರು ಚಟ ಬಿಡಿಸುವ ಶಿಬಿರಕ್ಕೆ ಬಲವಂತವಾಗಿ ಕರೆದೊಯ್ದಿದ್ದರು. ನಾಲ್ಕು ತಿಂಗಳ ನಂತರ ಅವನು ಮನೆಗೆ ಬಂದ. ಅಲ್ಲಿ ಏನಾಯಿತೆಂದು ಸಾಯುವವರೆಗೂ ಹೇಳಲಿಲ್ಲ. ಮನೆಯವರೂ ಕೇಳಲಿಲ್ಲ. ಕೇಳದೆ ಉಳಿದ ಆ ಪ್ರಶ್ನೆ ಆ ಮನೆಯಲ್ಲಿ ಇನ್ನೊಬ್ಬ ಮನುಷ್ಯನ ಹಾಗೆ ಓಡಾಡಿಕೊಂಡಿತ್ತು.

ಬುಪ್ಪಾ ಗುಡಾಣದ ನೀರು ಚೆಲ್ಲಿಸಿ ಹೊರಟಳು. ಬಾಗಿಲ ಹತ್ತಿರ ಉರೈಗೆ ಹೇಳಿದಳು: "ಉಪ್ಪುಸಕ್ಕರೆ ನೀರು ಗುಟುಕು ಗುಟುಕಾಗಿ ಕುಡಿಸು. ಮೂತ್ರ ಕಮ್ಮಿ ಆದ್ರೆ, ತಲೆ ಸುತ್ತಿ ಬಿದ್ರೆ ನನ್ನನ್ನ ಕಾಯಬೇಡ, ಯಾರನ್ನೂ ಕೇಳಬೇಡ, ಗಾಡಿ ಹತ್ತಿಸು. ಒಣಗಿದ ಮೈ ಮೊದಲು ಮೂತ್ರಪಿಂಡಾನೇ ತಿನ್ನೋದು."

ಮರುವಾರ ಆ ನಾಡಿನ ಹೊಸವರ್ಷ, ನೀರಾಟದ ಹಬ್ಬ. ಊರಿನವರು ಬಕೆಟ್ಟು ಬಕೆಟ್ಟು ತಣ್ಣೀರು ಎರಚಾಡಿದರು. ತವಿನ್ ಮನೆಯೊಳಗೆ ಕಂಬಳಿ ಹೊದ್ದು ಕೂತಿದ್ದ.

ಇತ್ತ ಮರಗಳಿಗೆ ಹಬ್ಬವಿಲ್ಲ. ತಾಳೆಯ ಹೂಗೊನೆಯನ್ನು ದಿನಾ ತೆಳ್ಳಗೆ ಕೊಯ್ಯಬೇಕು. ಎರಡು ಮೂರು ದಿನ ಬಿಟ್ಟರೆ ಗಾಯ ಮಾಗಿ ರಸ ನಿಂತುಹೋಗುತ್ತದೆ. ಆ ಗೊನೆ ಆ ವರ್ಷಕ್ಕೆ ಸತ್ತ ಹಾಗೆಯೇ. ಆರು ಮರಗಳಲ್ಲಿ ರಸ ಆಗಲೇ ನಿಂತಿತ್ತು; ಉಳಿದವನ್ನು ತವಿನ್ ಹಬ್ಬದವರೆಗೂ ಹೇಗೋ ಕೊಯ್ದಿದ್ದ. ಒಂದು ಬೆಳಿಗ್ಗೆ ಉರೈ ಗಂಡನ ಕತ್ತಿಯನ್ನು ಸೊಂಟಕ್ಕೆ ಕಟ್ಟಿ, ಉಟ್ಟ ಲುಂಗಿಯನ್ನು ಮಂಡಿಯ ಮೇಲಕ್ಕೆ ಸಿಕ್ಕಿಸಿ, ಗಿಡ್ಡ ಮರವೊಂದನ್ನು ಹತ್ತಿಯೇಬಿಟ್ಟಳು.

ಪಕ್ಕದ ತೋಟದ ಮುದುಕ ಚಲೆಮ್ ಕೆಳಗಿಂದ ಕೂಗಿದ. "ಏಯ್ ಉರೈ! ಹೆಂಗಸು ಹತ್ತಿದ ಮರ ಒಣಗತ್ತೆ ಕಣೇ!"

"ಗಂಡಸು ಹತ್ತದೇ ಇರೋ ಮರ ಆಗಲೇ ಒಣಗಿದೆ ತಾತ! ನೀನು ಬಾಯಿ ಮುಚ್ಚಿ ಏಣಿ ಹಿಡ್ಕೋ!"

ಚಲೆಮ್ ಬೈಯುತ್ತಲೇ ಬಂದು ಬಿದಿರು ಹಿಡಿದುಕೊಂಡ.

ಹೆಂಡತಿ ಮರ ಹತ್ತಿದ ಸುದ್ದಿ ತವಿನ್‌ನ ಕಿವಿಗೆ ಬಿತ್ತು. ಮರುದಿನ ಬೆಳಿಗ್ಗೆ ಅವನು ಯಾರಿಗೂ ಹೇಳದೆ ಎದ್ದ. ಎರಡು ಸಲ ಸೇದಿದ. ಹೊಟ್ಟೆ ತಿಳಿಯಾದಂತೆ ಅನ್ನಿಸಿತು. ತೋಟದ ಅತಿ ಎತ್ತರದ ಮರಕ್ಕೆ ಹೋಗಿ ಹತ್ತತೊಡಗಿದ. ಅರ್ಧದಲ್ಲಿ ಕಣ್ಣು ಕತ್ತಲಾಯಿತು. ಕೈ ಬಿದಿರನ್ನು ಅಪ್ಪಿಕೊಂಡಿತು, ಕಾಲು ಮೇಲೂ ಹೋಗದು, ಕೆಳಗೂ ಬಾರದು.

ಉರೈ ಓಡಿ ಬಂದಾಗ ಅವನು ನೆಲದಿಂದ ನಾಲ್ಕಾಳು ಎತ್ತರದಲ್ಲಿ ಬಿದಿರಿಗೆ ಅಂಟಿಕೊಂಡಿದ್ದ. ಅವಳು ಬೈಯಲಿಲ್ಲ, ಅಳಲಿಲ್ಲ. ಹಿಂದೆಯೇ ಹತ್ತಿ ಹೋಗಿ ಅವನ ಕಾಲಿಗೆ ತನ್ನ ಹೆಗಲು ಕೊಟ್ಟಳು.

"ಎಡಗಾಲು ಬಿಡಿ. ಹಾಂ. ಇಲ್ಲಿ ಇಡಿ. ಈಗ ಬಲಗಾಲು. ಮರ ಹತ್ತೋವಾಗ ಕೆಳಗೆ ನೋಡಬಾರದು ಅಂತಿದ್ದೋರು ನೀವೇ. ಮತ್ತೆ ನೀವೇ ಯಾಕ್ರೀ ನೋಡ್ತೀರಿ?"

ಒಂದೊಂದೇ ಗೆಣ್ಣು ಇಳಿದು ಇಬ್ಬರೂ ನೆಲ ಮುಟ್ಟಿದರು. ಲಮೈ ಮರದ ಬುಡದಲ್ಲಿ ಕೈಮುಗಿದು ನಿಂತಿದ್ದಳು. ತವಿನ್ ಅಲ್ಲೇ ಮಣ್ಣಿನ ಮೇಲೆ ವಾಂತಿ ಮಾಡಿಕೊಂಡ. ಆಮೇಲೆ ಅವನೇ ಬಾಯಿ ಬಿಟ್ಟ.

"ಹದಿನೈದು ಸಲ ಅಮ್ಮ. ದಿನಕ್ಕೆ ಹದಿನೈದು ಸಲ ಸೇದ್ತೀನಿ. ಬಿಡ್ಬೇಕು ಅಂತ ಎಷ್ಟೋ ಸಲ ಅಂದ್ಕೊಂಡೆ. ನನ್ನ ಕೈಲಿ ಆಗ್ತಿಲ್ಲ."

ಬುಪ್ಪಾಳಿಗೆ ಹೇಳಿ ಕಳಿಸಿದರು. ಅವಳು ಗಂಜಿಯ ಪಾತ್ರೆಯನ್ನು ಹಾಗೇ ಬಿಟ್ಟು ಬಂದಳು. ಲಮೈ ಒಂದೇ ಪ್ರಶ್ನೆ ಕೇಳಿದಳು.

"ಹೆಸರು ಬರ್ಕೊಳ್ತಾರಾ?"

"ಬರ್ಕೊಳ್ತಾರೆ ದೊಡ್ಡಮ್ಮ. ಸುಳ್ಳು ಯಾಕೆ ಹೇಳಲಿ?" ಬುಪ್ಪಾ ಚೀಲದಿಂದ ತನ್ನ ಪುಸ್ತಕ ತೆಗೆದು ಒಂದು ಪುಟ ತೋರಿಸಿದಳು. "ಇದೇನು, ಓದಿ."

"ನನ್ನ ಹೆಸರು."

"ಎಂಟು ವರ್ಷದಿಂದ ಇದೆ. ಸಕ್ಕರೆ ಕಾಯಿಲೆಯವರ ಪುಟ. ಯಾವ ಪೊಲೀಸ್ನೋನು ಬಂದ? ಯಾರು ನಿಮ್ಮನ್ನ ಹಿಡ್ಕೊಂಡು ಹೋದ್ರು? ತವಿನ್ ಹೆಸರೂ ಹೀಗೇ, ರೋಗಿ ಅಂತ. ಅವನಾಗೇ ಹೋಗಿ ಕೇಳೋ ಚಿಕಿತ್ಸೆ ಇದು. ಪ್ರಯೂನ್ ಮಾವನ್ನ ಕರ್ಕೊಂಡು ಹೋದ ಕಾಲ ಅಲ್ಲ. ಇನ್ನೊಂದು ಕೇಳಿ. ತಪ್ಪಲ್ಲದ್ದು ರೋಗ ಹೇಗಾಗತ್ತೆ ಅಂದ್ರಲ್ಲ. ನಾವು ಕಾಯಿಸೋ ಬೆಲ್ಲ ಯಾವ ಕಾನೂನಲ್ಲಿ ತಪ್ಪು? ಆದ್ರೂ ನಿಮಗೆ ಸಕ್ಕರೆ ಕಾಯಿಲೆ ಬಂತಲ್ಲ!"

ಮುದುಕಿ ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು. ಆಮೇಲೆ ಒಳಗೆ ಹೋಗಿ ಒಗೆದ ರವಿಕೆ ಹಾಕಿಕೊಂಡು ಬಂದಳು.

"ನಾನೂ ಬರ್ತೀನಿ. ನನ್ನ ತಮ್ಮನ ಜೊತೆ ಯಾರೂ ಹೋಗ್ಲಿಲ್ಲ."

ಜಿಲ್ಲಾ ಆಸ್ಪತ್ರೆಯಲ್ಲಿ ಡಾಕ್ಟರ್ ಕನೊಕ್ ಎಂಬ ಹೆಣ್ಣುಮಗಳು ನೋಡಿದಳು. ರಕ್ತ ಪರೀಕ್ಷೆ, ಹೊಟ್ಟೆಯ ಸ್ಕ್ಯಾನು ಆಯಿತು. ಬೇರೆ ರೋಗವಿಲ್ಲ ಎಂದು ಖಾತ್ರಿ ಮಾಡಿಕೊಂಡಳು. ಕೈಗೆ ಡ್ರಿಪ್ ಹಾಕಿದರು. ಹೊಟ್ಟೆಯ ಮೇಲೆ ನರ್ಸ್ ಒಂದು ಮುಲಾಮು ಸವರಿದಳು. ತವಿನ್ ಉರಿಯಿಂದ ಎಗರಿದ.

"ಏನಿದು?"

"ಮೆಣಸಿನಕಾಯಿ ಸತ್ವದ ಮುಲಾಮು," ಅಂದಳು ನರ್ಸ್. "ಬಿಸಿನೀರು ಮಾಡೋ ಕೆಲಸಾನೇ ಇದೂ ಮಾಡತ್ತೆ."

"ಅಯ್ಯೋ, ಮೊದಲೇ ಹೇಳಿದ್ರೆ ಮನೇಲೇ ಒರಳಲ್ಲಿ ಅರೆದು ಹಚ್ತಿದ್ನಲ್ಲ!" ಅಂದಳು ಲಮೈ.

"ಆ ಕೆಲಸ ಮಾತ್ರ ಮಾಡಬೇಡಿ ಅಜ್ಜಿ. ಚರ್ಮ ಸುಲಿದುಹೋಗತ್ತೆ," ಎಂದು ಡಾಕ್ಟರ್ ನಕ್ಕಳು. ಎಷ್ಟೋ ವಾರಗಳ ಮೇಲೆ ಉರೈ ಕೂಡ ನಕ್ಕಳು.

ಆಮೇಲೆ ಡಾಕ್ಟರ್ ಕುರ್ಚಿ ಎಳೆದುಕೊಂಡು ಕೂತಳು. "ವಾಂತಿ ಇವತ್ತು ನಿಲ್ಲಬಹುದು. ಆದ್ರೆ ಗಾಂಜಾ ಪೂರ್ತಿ ಬಿಡದಿದ್ರೆ ಮತ್ತೆ ಬರತ್ತೆ. ಕಮ್ಮಿ ಮಾಡ್ತೀನಿ ಅಂದ್ರೆ ನಿಮ್ಮ ಮೈಗೆ ಸಾಲಲ್ಲ ತವಿನ್. ಮೊದಲ ಒಂದು ವಾರ ಕಷ್ಟ. ನಿದ್ದೆ ಬರಲ್ಲ, ಬೆವರತ್ತೆ, ಕೆಟ್ಟ ಕನಸು, ಎಲ್ಲದಕ್ಕೂ ಸಿಟ್ಟು. ಎರಡು ಮೂರು ವಾರದಲ್ಲಿ ಇಳಿಯತ್ತೆ. ಬಿಡಿಸೋ ಮಾತ್ರೆ ಅಂತ ಒಂದಿಲ್ಲ. ಮಾತು ಇದೆ. ಪ್ರತಿ ಬುಧವಾರ ಇಲ್ಲಿಗೆ ಬನ್ನಿ."

"ಮಾತಿಂದ ಬಿಡತ್ತಾ?" ಎಂದು ಲಮೈ ಕೇಳಿದಳು.

"ಮಾತಾಡದೆ ಸುಮ್ಮನಿದ್ದಾಗ ಬಿಟ್ಟಿತಾ ಅಜ್ಜಿ?"

ಮುದುಕಿ ಬೆರಳು ಮಡಚಿ ಬುಧವಾರಕ್ಕೆ ಇನ್ನೆಷ್ಟು ದಿನ ಎಂದು ಎಣಿಸಿದಳು.

ಮೂರನೇ ದಿನ ಮನೆಗೆ ಬಂದರು; ನಡುವೆ ಉರೈ ದಿನಾ ತೋಟಕ್ಕೆ ಬಂದು ಹದಿನಾರು ಮರಗಳನ್ನೂ ಕೊಯ್ದು ಹೋಗಿದ್ದಳು. ಡಾಕ್ಟರ್ ಹೇಳಿದಂತೆಯೇ ಆಯಿತು. ತವಿನ್ ಅನ್ನದ ತಟ್ಟೆಯ ಮೇಲೆ ಸಿಟ್ಟಾದ, ಕೋಳಿ ಕೂಗಿದ್ದಕ್ಕೆ ಸಿಟ್ಟಾದ. ಉರೈ ಎದುರಾಡಲಿಲ್ಲ. "ಇದು ನೀವಲ್ಲ, ನಿಮ್ಮೊಳಗಿಂದ ಹೋಗ್ತಿರೋ ಹೊಗೆ. ಬಾಗಿಲು ತೆಗೆದಿದ್ದೀನಿ, ಹೋಗ್ಲಿ," ಅಂದಳು.

ಹಿತ್ತಲ ಗಿಡವನ್ನು ಏನು ಮಾಡುವುದೆಂದು ಲಮೈಗೆ ಚಿಂತೆ.

"ಗಿಡದ ತಪ್ಪೇನಿಲ್ಲ ದೊಡ್ಡಮ್ಮ. ಅವನನ್ನೇ ಕೇಳಿ," ಅಂದಳು ಬುಪ್ಪಾ.

ತವಿನ್ ಗಿಡದ ಕಡೆ ನೋಡದೆ ಹೇಳಿದ: "ಇದ್ರೆ ನನ್ನ ಕೈ ಅಲ್ಲಿಗೇ ಹೋಗತ್ತೆ ಅಮ್ಮ."

ಮುದುಕಿ ಹಾರೆ ತಂದು ಗಿಡವನ್ನು ಅಗೆದು ತೆಗೆದಳು.

ಹನ್ನೆರಡನೇ ದಿನ ಅವನು ಜಾರಿದ. ಹಳೆಯ ಗೆಳೆಯನೊಬ್ಬ ಕೊಳವೆ ಚಾಚಿದ. ತವಿನ್ ಒಂದೇ ಸಲ ಎಂದುಕೊಂಡು ಸೇದಿದ. ಸಂಜೆಗೆ ಬಿಸಿನೀರಿನ ಬಾಣಲೆ ಮತ್ತೆ ಒಲೆ ಏರಿತು. ಬುಧವಾರ ಬಂದಾಗ, "ಯಾವ ಮುಖ ಇಟ್ಕೊಂಡು ಹೋಗಲಿ?" ಎಂದು ಗೋಡೆಗೆ ತಿರುಗಿ ಮಲಗಿದ.

ಉರೈ ಅವನ ಅಂಗಿ ತಂದು ಮೈಮೇಲೆ ಎಸೆದಳು. "ಮೊನ್ನೆ ಎಷ್ಟು ಎತ್ತರದಿಂದ ನಿಮ್ಮನ್ನ ಇಳಿಸಿದೆ, ಗೊತ್ತಲ್ಲ? ಈಗ ಹಾಸಿಗೆಯಿಂದ ಇಳಿಸೋದು ಕಷ್ಟಾನಾ? ಏಳ್ರಿ."

ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಐದಾರು ಕುರ್ಚಿಗಳಿದ್ದವು. ತವಿನ್‌ನಂತೆಯೇ ಚಟ ಬಿಡಲು ಬಂದು ಕೂತವರೆಲ್ಲ ನೆಲ ನೋಡುತ್ತಿದ್ದರು. ತವಿನ್ ಜಾರಿದ್ದನ್ನು ಹೇಳಿದ. ಡಾಕ್ಟರ್ ಬೈಯಲಿಲ್ಲ. "ಹನ್ನೊಂದು ದಿನ ಬಿಟ್ಟಿದ್ರಿ. ಆ ಹನ್ನೊಂದು ದಿನ ಎಲ್ಲೂ ಹೋಗಿಲ್ಲ. ಗೆಳೆಯ ಮತ್ತೆ ಕೊಳವೆ ಚಾಚಿದ್ರೆ ಏನು ಹೇಳ್ತೀರಿ, ಅದನ್ನ ಈಗ ಮಾತಾಡೋಣ," ಅಂದಳು.

ಅವತ್ತು ಬಾಗಿಲ ಬಳಿ ಕೂತಿದ್ದ ಲಮೈ, ಯಾರೂ ಕೇಳದೆಯೇ, ತನ್ನ ತಮ್ಮ ಪ್ರಯೂನನ ಕಥೆಯನ್ನು ತನಗೆ ಗೊತ್ತಿದ್ದಷ್ಟೂ ಹೇಳಿದಳು. ಶಿಬಿರದಿಂದ ಬಂದವನು ದಿನವಿಡೀ ಕಿಟಕಿಯ ಬಳಿ ಕೂರುತ್ತಿದ್ದುದನ್ನು ಹೇಳಿದಳು. "ಏನಾಯ್ತೋ ಅಂತ ನಾನು ಒಂದು ಸಲ ಕೇಳಿದ್ರೆ ಸಾಕಿತ್ತು," ಅಂದಳು. ತವಿನ್ ಎದ್ದು ಬಂದು ತಾಯಿಯ ಪಕ್ಕದಲ್ಲಿ ನೆಲದ ಮೇಲೆ ಕೂತ.

ಮತ್ತೆ ಅವನು ಸೇದಲಿಲ್ಲ. ಮೇ ತಿಂಗಳ ಕೊನೆಗೆ ಮೈ ತುಂಬಿಕೊಂಡಿತು. ಎರಡು ತಟ್ಟೆ ಅನ್ನ ಉಂಡು ಮೂರನೆಯದಕ್ಕೆ ಕೈ ಚಾಚಿದ.

"ಮನೇಲಿ ಅಕ್ಕಿ ಬಿಡ್ತೀಯೋ ಇಲ್ವೋ?" ಎಂದು ತಾಯಿ ಬೈದಳು. ಬೈಗುಳದಲ್ಲಿ ಹಬ್ಬದ ಸಡಗರವಿತ್ತು.

ತವಿನ್ ಮತ್ತೆ ಮರ ಹತ್ತಬಹುದು ಎಂದು ಡಾಕ್ಟರ್ ಹೇಳಿದ ದಿನ ಅರ್ಧ ಊರೇ ತೋಟದಲ್ಲಿ ಸೇರಿತು. ಅವನು ಅದೇ ಎತ್ತರದ ಮರವನ್ನು ಆರಿಸಿದ. ಬಿದಿರನ್ನು ಎರಡು ಸಲ ಜಗ್ಗಿ ನೋಡಿದ. ಹತ್ತಿದ. ಅರ್ಧದಲ್ಲಿ ನಿಂತ. ಕೆಳಗೆ ಎಲ್ಲರೂ ಉಸಿರು ಬಿಗಿಹಿಡಿದರು. ಅವನು ನಿಂತದ್ದು ಬೆವರು ಒರೆಸಿಕೊಳ್ಳಲು. ಒರೆಸಿಕೊಂಡು ಸರಸರನೆ ತುದಿಗೆ ಏರಿ, ಗರಿಗಳ ನಡುವಿನಿಂದ ಕೂಗಿದ.

"ಅಮ್ಮಾ! ಸಮುದ್ರ ಕಾಣ್ತಿದೆ!"

"ಸಮುದ್ರ ಎಲ್ಲೂ ಹೋಗಿರ್ಲಿಲ್ಲ ಕಣೋ, ನೀನು ಹೋಗಿದ್ದೆ!" ಎಂದು ಲಮೈ ಕೆಳಗಿಂದ ಕೂಗಿದಳು. ಎಲ್ಲರೂ ಹೋ ಎಂದು ಚಪ್ಪಾಳೆ ತಟ್ಟಿದರು. ಬುಪ್ಪಾ ಟಾರ್ಚು ಹಿಡಿದ ಕೈಯಲ್ಲೇ ಕಣ್ಣೊರೆಸಿಕೊಂಡಳು.

ಅವನು ಇಳಿದು ಬಂದು, ಉರೈಯ ಸೊಂಟದ ಕತ್ತಿಗೆ ಕೈ ಚಾಚಿದ. "ಇನ್ನು ನೀನು ಹತ್ತೋದು ಬೇಡ. ಕೊಡು."

ಉರೈ ಹಿಂದೆ ಸರಿದಳು. "ಯಾಕೆ ಕೊಡ್ಲಿ? ಒಂದೂವರೆ ತಿಂಗಳು ಹದಿನಾರು ಮರ ಉಳಿಸಿದ್ದು ಯಾರು? ಚಲೆಮ್ ತಾತ, ನೀನೇ ಹೇಳು, ಒಂದಾದ್ರೂ ಒಣಗಿತಾ?"

ಚಲೆಮ್ ತಲೆ ಕೆರೆದುಕೊಂಡ. "ಒಣಗಿಲ್ಲ. ಸುಳ್ಳು ಹೇಳಬಾರದು. ರಸ ನನ್ನ ಮರಗಳಿಗಿಂತ ಸಿಹಿ."

"ಕೇಳಿದ್ರಾ? ನೀವು ಹೊಸ ಕತ್ತಿ ತಗೊಳ್ರಿ. ಎಂಟು ಮರ ನಿಮಗೆ, ಎಂಟು ನನಗೆ. ಯಾರ ಬಾಣಲೆ ಮೊದಲು ತುಂಬತ್ತೋ ನೋಡೇಬಿಡೋಣ."

ತವಿನ್ ಹೆಂಡತಿಯನ್ನು ನೋಡಿದ. ಅವಳ ಮರಕ್ಕೆ ಕಟ್ಟಿದ್ದ ಬಿದಿರನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ನಿಂತ. ಉರೈ ಹತ್ತಿದಳು.

ಓದುವವರೇ, ಕೇಳುವವರೇ, ಈಗ ನಿಮ್ಮ ಮನೆಯ ಮಾತು. ಗಾಂಜಾ ಒಂದು ದೇಶದಲ್ಲಿ ಕಾನೂನಿನೊಳಗಿದೆ, ಇನ್ನೊಂದರಲ್ಲಿ ಹೊರಗಿದೆ. ಮೈಗೆ ಆ ಗಡಿ ಗೊತ್ತಿಲ್ಲ. ನಿಮ್ಮವರೊಬ್ಬರು ದಿನವಿಡೀ ಸೇದುತ್ತಿದ್ದರೆ, ಬಿಡಬೇಕೆಂದರೂ ಬಿಡಲಾಗುತ್ತಿಲ್ಲವಾದರೆ, ಅದು ಕೆಟ್ಟತನವಲ್ಲ, ಕಾಯಿಲೆ. ಅದಕ್ಕೆ ಚಿಕಿತ್ಸೆ ಇದೆ. ಮತ್ತೆ ಮತ್ತೆ ವಾಂತಿ, ಹೊಟ್ಟೆನೋವು, ಬಿಸಿನೀರಲ್ಲಿ ಮಾತ್ರ ನೆಮ್ಮದಿ ಎಂದರೆ ತಡಮಾಡಬೇಡಿ. ವೈದ್ಯರ ಮುಂದೆ ಸೇದುವುದನ್ನು ಮುಚ್ಚಿಡಬೇಡಿ. ಅವರಿಗೆ ಬೇಕಾದದ್ದು ಆ ಒಂದು ನಿಜ. ಒಮ್ಮೆ ಜಾರಿದವರನ್ನು ಕೈಬಿಡಬೇಡಿ. ಹೆಸರು ಹೇಳಲು ಅಂಜಿ ಮನೆಯಲ್ಲಿ ಕೂತವರಿದ್ದರೆ ಅವರ ಜೊತೆ ನೀವೇ ಹೊರಡಿ. ಮೊದಲು ಪಕ್ಕದಲ್ಲಿ ಕೂತು, "ಏನಾಯ್ತು?" ಎಂದು ಇವತ್ತೇ ಕೇಳಿ. ಉತ್ತರ ಬರುವವರೆಗೂ ಏಳಬೇಡಿ.